ನಾಮಪದಕ್ಕೆ ಗುರುತು ಯಾವುದು?

ಇಂಗ್ಲಿಷ್ ವ್ಯಾಕರಣದ ಮೊದಲ ಪಾಠ ನಮ್ಮ ಶಾಲೆಗಳಲ್ಲೆಲ್ಲ ಒಂದೇ. ವ್ಯಕ್ತಿಯ, ಸ್ಥಳದ, ವಸ್ತುವಿನ ಹೆಸರೇ ನೌನ್ ಎಂದು ಮಕ್ಕಳು ರಾಗವಾಗಿ ಹೇಳುತ್ತಾರೆ. ಅದರ ಬೆನ್ನಿಗೇ ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಅಬ್‌ಸ್ಟ್ರಾಕ್ಟ್ ಎಂಬ ಐದು ಬಗೆಗಳು ಬರುತ್ತವೆ. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಇಂಥ ಪಟ್ಟಿಯನ್ನು ಭಾರತದ ತರಗತಿಗಳಲ್ಲಿ ಗಟ್ಟಿಯಾಗಿ ಊರಿಸಿತು. ಹುಣಸೂರು ಸೀಮೆಯ ಗಾವಡಗೆರೆಯ ಮಗುವೂ ಮೈಸೂರಿನ ಮಗುವೂ ಇಂದಿಗೂ ಅದನ್ನೇ ಬಾಯಿಪಾಠ ಮಾಡುತ್ತವೆ. ಬಾಯಿಪಾಠಕ್ಕೆ ಈ ಸೂತ್ರ ಸೊಗಸಾಗಿದೆ. ಆದರೆ ಒಂದು ವಾಕ್ಯವನ್ನು ಮುಂದಿಟ್ಟು ಇದರಲ್ಲಿ ನಾಮಪದಗಳು ಯಾವುವು ಎಂದು ಕೇಳಿದಾಗ ಅದು ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಹಾಗಾಗುವುದಕ್ಕೆ ಕಾರಣ ಸೂತ್ರದ ಚರಿತ್ರೆಯಲ್ಲಿದೆ. ಅದು ಮೂಲದಲ್ಲಿ ಎರಡು ಕಾಲಿನ ಸೂತ್ರ. ಇಂಗ್ಲಿಷಿನವರೆಗೆ ಬರುವ ಹೊತ್ತಿಗೆ ಒಂದು ಕಾಲು ಕಳೆದುಹೋಯಿತು. ಕಳೆದುಹೋದ ಆ ಭಾಗ ಕನ್ನಡ ಮಾತಾಡುವ ಪ್ರತಿಯೊಂದು ಮಗುವಿನ ಬಾಯಲ್ಲೂ ಇದೆ, ಇಂಗ್ಲಿಷಿನ ನಾಮಪದವನ್ನು ಅರಿಯಲು ಅಲ್ಲಿಂದಲೇ ಹೊರಡುವುದು ಸುಲಭ ಎಂಬುದು ಈ ಅಧ್ಯಾಯದ ವಾದ.

ಅರ್ಥವೊಂದನ್ನೇ ನೆಚ್ಚಿದರೆ ಎಲ್ಲಿ ಎಡವುತ್ತೇವೆ ಎಂಬುದನ್ನು ಮೊದಲು ನೋಡೋಣ. ‘ಕಲ್ಲು’ ವಸ್ತು, ‘ಹುಣಸೂರು’ ಸ್ಥಳ, ‘ರೈತ’ ವ್ಯಕ್ತಿ, ಇಲ್ಲಿಯವರೆಗೆ ತೊಂದರೆಯಿಲ್ಲ. ‘ಮದುವೆ’ ಏನು? ಅದು ನಡೆಯುವ ಸಂಗತಿ. ‘ಗುಡುಗು’ ಒಂದು ಸದ್ದು, ‘ಬಡತನ’ ಒಂದು ಸ್ಥಿತಿ. ‘ಓಟ’ ಮತ್ತು ‘ಓಡಿದ’ ಎರಡೂ ಹೇಳುವುದು ಕಾಲು ಮಾಡುವ ಒಂದೇ ಕೆಲಸವನ್ನು. ಆದರೂ ಮೊದಲನೆಯದು ನಾಮಪದ, ಎರಡನೆಯದು ಕ್ರಿಯಾಪದ. ಇಂಗ್ಲಿಷಿನ ‘ಅರೈವಲ್’ ಮತ್ತು ‘ಅರೈವ್’ ಕಥೆಯೂ ಇದೇ. ಮದುವೆಯೂ ಬಡತನವೂ ವಿಶಾಲ ಅರ್ಥದಲ್ಲಿ ‘ವಸ್ತು’ಗಳೇ ಅಲ್ಲವೇ ಎಂದು ಯಾರಾದರೂ ವಾದಿಸಬಹುದು. ಹಾಗಾದರೆ ಓಡುವ ಕ್ರಿಯೆಯನ್ನು ‘ಓಟ’ದಲ್ಲಿ ವಸ್ತು ಎಂದೂ ‘ಓಡಿದ’ದಲ್ಲಿ ವಸ್ತುವಲ್ಲ ಎಂದೂ ಯಾವ ಆಧಾರದ ಮೇಲೆ ತೀರ್ಮಾನಿಸಿದೆವು? ‘ಓಟ’ ನಾಮಪದ ಎಂಬುದು ನಮಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಅದನ್ನು ವಸ್ತು ಎಂದೆವು. ಸೂತ್ರ ಪತ್ತೆ ಮಾಡಿಕೊಡಬೇಕಾದದ್ದನ್ನು ನಾವೇ ಸೂತ್ರಕ್ಕೆ ಒದಗಿಸಿದಂತಾಯಿತು.

ಈ ಸೂತ್ರದ ಬೇರು ಗ್ರೀಕರಲ್ಲಿದೆ. ಕ್ರಿ.ಪೂ. ಎರಡನೇ ಶತಮಾನದ ಡಯೊನೀಸಿಯಸ್ ಥ್ರಾಕ್ಸ್ ಹೆಸರಿನಲ್ಲಿ ಬಂದಿರುವ ಪುಟ್ಟ ವ್ಯಾಕರಣ ಗ್ರಂಥವು, ವಿಭಕ್ತಿ ಹೊಂದುವ ಮತ್ತು ಒಂದು ಕಾಯವನ್ನೋ ವಿಷಯವನ್ನೋ ಸೂಚಿಸುವ ಪದ ನಾಮಪದ ಎನ್ನುತ್ತದೆ. ಕಾಯಕ್ಕೆ ಕಲ್ಲನ್ನು, ವಿಷಯಕ್ಕೆ ಶಿಕ್ಷಣವನ್ನು ಉದಾಹರಣೆ ಕೊಡುತ್ತದೆ. ಅರ್ಥಕ್ಕಿಂತ ಮೊದಲು ಅಲ್ಲಿ ವಿಭಕ್ತಿ ಇದೆ. ಕ್ರಿ.ಶ. ನಾಲ್ಕನೇ ಶತಮಾನದ ಲ್ಯಾಟಿನ್ ವೈಯಾಕರಣ ಡೊನಾಟಸ್ ಇದನ್ನೇ ಎತ್ತಿಕೊಂಡು, ಅಂಥ ಪದ ಒಂದಕ್ಕೇ ಸಲ್ಲುವುದಾಗಿರಬಹುದು ಅಥವಾ ಹಲವಕ್ಕೆ ಸಾಮಾನ್ಯವಾಗಿರಬಹುದು ಎಂಬ ಆ ಗ್ರಂಥದ ಮಾತನ್ನೂ ಉಳಿಸಿಕೊಂಡ. ಇಂದಿನ ಪ್ರಾಪರ್ ಮತ್ತು ಕಾಮನ್ ನೌನುಗಳ ಹಳೆಯ ಮನೆ ಅದು. 1586ರಲ್ಲಿ ವಿಲಿಯಂ ಬುಲೊಕರ್ ಇಂಗ್ಲಿಷಿಗೆ ಮೊದಲ ವ್ಯಾಕರಣ ಬರೆದಾಗ ಎದುರಿಗಿಟ್ಟುಕೊಂಡದ್ದು ಲ್ಯಾಟಿನ್ ವ್ಯಾಕರಣದ ಅಚ್ಚನ್ನು. ಆದರೆ ಅಷ್ಟರಲ್ಲಿ ಇಂಗ್ಲಿಷ್ ಬದಲಾಗಿತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕಲ್ಲು ‘ಸ್ತಾನ್’, ಕಲ್ಲಿನ ‘ಸ್ತಾನೆಸ್’, ಕಲ್ಲಿಗೆ ‘ಸ್ತಾನೆ’, ಕಲ್ಲುಗಳಿಗೆ ‘ಸ್ತಾನುಮ್’ ಎಂದು ರೂಪ ಬದಲಾಗುತ್ತಿತ್ತು. ಮುಂದಿನ ಐದಾರು ಶತಮಾನಗಳಲ್ಲಿ ಈ ಕೊನೆಗಳು ಸವೆದು, ‘ಸ್ಟೋನ್’ ಎಂಬುದಕ್ಕೆ ಬಹುವಚನದ ‘ಸ್’ ಮತ್ತು ‘ಅದರ’ ಎನ್ನುವ ಅರ್ಥದ ‘ಸ್’ ಮಾತ್ರ ಉಳಿದವು. ವಿಭಕ್ತಿ ಹೊಂದುವ ಪದ ಎಂಬ ಮೊದಲ ಲಕ್ಷಣಕ್ಕೆ ಹಿಡಿತ ಸಿಗದಂತಾಯಿತು. ಉಳಿದದ್ದು ಕಾಯ ಅಥವಾ ವಿಷಯ ಎಂಬ ಭಾಗ. ಅದೇ ಶಾಲೆಯ ವ್ಯಕ್ತಿ, ಸ್ಥಳ, ವಸ್ತುವಾಯಿತು.

ಕನ್ನಡಕ್ಕೆ ಆ ನಷ್ಟವಾಗಲಿಲ್ಲ. ಧಾತುವೂ ಅಲ್ಲದ, ಪ್ರತ್ಯಯವೂ ಅಲ್ಲದ, ಅರ್ಥವುಳ್ಳ ರೂಪವೇ ನಾಮಪ್ರಕೃತಿ ಎಂದು ಸಂಸ್ಕೃತದಲ್ಲಿ ಪಾಣಿನಿ ಹೇಳಿದ್ದ. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಕನ್ನಡದ ನಾಮಪ್ರಕೃತಿಯನ್ನು ವಿವರಿಸಿದ್ದೂ ಅದೇ ದಾರಿಯಲ್ಲಿ: ಅದು ವಿಭಕ್ತಿ ಹತ್ತಲು ಕಾದಿರುವ ರೂಪ. ವ್ಯಾಕರಣ ಓದದವರೂ ದಿನವೂ ಬಳಸುವ ಪರೀಕ್ಷೆ ಇದು. ‘ಬೆಳೆ’ ಎಂಬ ಒಂದೇ ರೂಪ ನೋಡಿ. ಬೆಳೆಗೆ ಗೊಬ್ಬರ ಹಾಕಿದರು ಎಂದಾಗ ‘ಗೆ’ ಹತ್ತಿತು, ಆದ್ದರಿಂದ ನಾಮಪದ. ಮಗು ಬೆಳೆಯಿತು ಎಂದಾಗ ಕಾಲವನ್ನು ಹೇಳುವ ಪ್ರತ್ಯಯ ಹತ್ತಿತು, ಆದ್ದರಿಂದ ಕ್ರಿಯಾಪದ. ‘ಕೆರೆ’ಯೂ ಹಾಗೆಯೇ: ಕೆರೆಗೆ ನೀರು ಬಂತು, ಮೈ ಕೆರೆದುಕೊಂಡ. ಹುಣಸೂರು ಸೀಮೆಯ ಊರ ಹೆಸರುಗಳನ್ನು ಹೇಳಿ ನೋಡಿದರೆ ಪರೀಕ್ಷೆ ಎಷ್ಟು ಕರಾರುವಾಕ್ಕು ಎಂಬುದು ತಿಳಿಯುತ್ತದೆ. ಹುಣಸೂರಿಗೆ, ಗಾವಡಗೆರೆಗೆ, ಎಚ್.ಡಿ. ಕೋಟೆಗೆ ಹೋಗುತ್ತೇವೆ, ಆದರೆ ಪಿರಿಯಾಪಟ್ಟಣಕ್ಕೆ, ಕೆ.ಆರ್. ನಗರಕ್ಕೆ ಹೋಗುತ್ತೇವೆ. ‘ಉ’ಕಾರದ ಕೊನೆಗೆ ‘ಇಗೆ’, ‘ಎ’ಕಾರಕ್ಕೆ ‘ಗೆ’, ‘ಅ’ಕಾರಕ್ಕೆ ‘ಕ್ಕೆ’. ಯಾರೂ ಕಲಿಸದಿದ್ದರೂ ಇಲ್ಲಿ ಯಾರೂ ತಪ್ಪುವುದಿಲ್ಲ. ಹೊಸದಾಗಿ ಬಂದ ಪದಗಳಿಗೂ ಇದೇ ಬಾಗಿಲು. ಹೊಗೆಸೊಪ್ಪಿನ ಬೇಸಾಯದ ಜೊತೆಗೆ ಬಂದ ಬ್ಯಾರನ್ (ಸೊಪ್ಪು ಒಣಗಿಸುವ ಮನೆ), ಬೇಲ್ (ಸೊಪ್ಪಿನ ಮೂಟೆ) ಎಂಬ ಪದಗಳು ಕೂಡಲೇ ಬ್ಯಾರನ್ನಿಗೆ ಸೌದೆ, ಬೇಲನ್ನು ಹರಾಜಿಗಿಟ್ಟರು ಎಂದು ವಿಭಕ್ತಿ ತೊಟ್ಟವು. ಇಂಗ್ಲಿಷಿನಲ್ಲಿ ಕ್ರಿಯಾಪದವೂ ಆಗಿರುವ ‘ಗ್ರೇಡ್’ ಮಾತ್ರ ‘ಗ್ರೇಡಿದರು’ ಆಗಲಾರದೆ ‘ಗ್ರೇಡ್ ಮಾಡಿದರು’ ಆಯಿತು. ಪದದ ಜಾತಿಯನ್ನು ತೀರ್ಮಾನಿಸಿದ್ದು ಅದರ ಅರ್ಥವಲ್ಲ, ಅದು ಯಾವ ಪ್ರತ್ಯಯವನ್ನು ಒಪ್ಪಿತು ಎಂಬುದು.

ಹಾಗಾದರೆ ವಿಭಕ್ತಿ ಸವೆದ ಇಂಗ್ಲಿಷಿನಲ್ಲಿ ನಾಮಪದದ ಗುರುತೇನು? ಕನ್ನಡದಲ್ಲಿ ಪದದ ಕೊನೆ ಮಾಡುವ ಕೆಲಸವನ್ನು ಅಲ್ಲಿ ಪದದ ಜಾಗ ಮತ್ತು ನೆರೆಹೊರೆ ಮಾಡುತ್ತವೆ. ಹಿಂದೆ ‘ದಿ’ ಅಥವಾ ‘ಅ’ ನಿಲ್ಲುತ್ತದೆಯೇ, ಬಹುವಚನದ ‘ಸ್’ ಹತ್ತುತ್ತದೆಯೇ, ‘ಇನ್’, ‘ಟು’, ‘ಫ್ರಮ್’ಗಳ ನಂತರ ಬರುತ್ತದೆಯೇ ಎಂದು ನೋಡಬೇಕು. ಅಮೆರಿಕದ ಚಾರ್ಲ್ಸ್ ಫ್ರೈಸ್ 1952ರ ತಮ್ಮ ‘ದಿ ಸ್ಟ್ರಕ್ಚರ್ ಆಫ್ ಇಂಗ್ಲಿಷ್’ ಪುಸ್ತಕದಲ್ಲಿ ಇದನ್ನು ಕಟ್ಟುನಿಟ್ಟಿನ ವಿಧಾನವಾಗಿ ಮಾಡಿದರು. ದಾಖಲಿಸಿಕೊಂಡ ದೂರವಾಣಿ ಸಂಭಾಷಣೆಗಳನ್ನು ಆಧಾರವಾಗಿಟ್ಟುಕೊಂಡು, ‘ದಿ ಕಾನ್ಸರ್ಟ್ ವಾಸ್ ಗುಡ್’ ಎಂಬಂಥ ಚೌಕಟ್ಟುಗಳಲ್ಲಿ ಯಾವ ಜಾಗದಲ್ಲಿ ಯಾವ ಪದಗಳು ಕೂರುತ್ತವೆ ಎಂದು ಪರೀಕ್ಷಿಸಿದರು. ಹಳೆಯ ಅರ್ಥಗಳು ನುಸುಳಬಾರದೆಂದು ‘ನೌನ್’ ಎಂಬ ಹೆಸರನ್ನೇ ಬಿಟ್ಟು, ಆ ಜಾಗದ ಪದಗಳನ್ನು ಬರೇ ಒಂದನೇ ವರ್ಗ ಎಂದು ಕರೆದರು.

ಇಷ್ಟೆಲ್ಲ ಪರೀಕ್ಷೆ ಪಂಡಿತರಿಗೆ ಇರಲಿ, ಮಕ್ಕಳಿಗೆ ವ್ಯಕ್ತಿ-ಸ್ಥಳ-ವಸ್ತುವೇ ಸುಲಭ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಮಕ್ಕಳ ಮೇಲೆ ನಡೆದ ಪ್ರಯೋಗಗಳು ಇದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ. 1957ರಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ ಇನ್ನೂ ಶಾಲೆಗೆ ಸೇರದ ಮಕ್ಕಳಿಗೆ ಒಂದು ಚಿತ್ರ ತೋರಿಸಿದರು: ಒಂದು ಪಾತ್ರೆ, ಅದರೊಳಗೆ ಚೂರುಚೂರಾದ ಒಂದು ಪದಾರ್ಥ, ಅದನ್ನು ಕಲಸುತ್ತಿರುವ ಎರಡು ಕೈ. ‘ಸಿಬ್’ ಎಂಬ ಅರ್ಥವಿಲ್ಲದ ಪದವನ್ನು ಹುಟ್ಟಿಸಿ, ಕೆಲವರಿಗೆ ‘ಸಿಬ್ಬಿಂಗ್’ ಎಂದೂ, ಕೆಲವರಿಗೆ ‘ಅ ಸಿಬ್’ ಎಂದೂ, ಕೆಲವರಿಗೆ ‘ಸಮ್ ಸಿಬ್’ ಎಂದೂ ಹೇಳಿದರು. ಆಮೇಲೆ ಬೇರೆ ಚಿತ್ರಗಳಲ್ಲಿ ಅದನ್ನು ತೋರಿಸಿ ಎಂದಾಗ, ಮೊದಲನೆಯ ಗುಂಪಿನವರು ಹೆಚ್ಚಾಗಿ ಕಲಸುವ ಕೆಲಸವನ್ನು, ಎರಡನೆಯವರು ಪಾತ್ರೆಯನ್ನು, ಮೂರನೆಯವರು ಪದಾರ್ಥವನ್ನು ತೋರಿಸಿದರು. ಮಕ್ಕಳು ಅರ್ಥದಿಂದ ವ್ಯಾಕರಣಕ್ಕೆ ಬರಲಿಲ್ಲ, ವ್ಯಾಕರಣದ ಗುರುತಿನಿಂದ ಅರ್ಥವನ್ನು ಊಹಿಸಿದರು. ಮರುವರ್ಷ, 1958ರಲ್ಲಿ, ಜೀನ್ ಬರ್ಕೊ ಹಕ್ಕಿಯಂಥ ಒಂದು ಕಲ್ಪಿತ ಪ್ರಾಣಿಯ ಚಿತ್ರ ತೋರಿಸಿ, ಇದು ಒಂದು ‘ವಗ್’, ಈಗ ಎರಡಾದವು, ಎರಡು ಏನು ಎಂದು ಕೇಳಿದರು. ಎಂದೂ ಕೇಳಿರದ ಪದಕ್ಕೆ ಪುಟ್ಟ ಮಕ್ಕಳು ‘ವಗ್ಸ್’ ಎಂದು ಬಹುವಚನ ಹಚ್ಚಿದರು. ರೂಪದಿಂದ ಗುರುತಿಸುವುದು ಮಕ್ಕಳಿಗೆ ಹೊಸ ಹೊರೆಯಲ್ಲ, ಭಾಷೆ ಕಲಿಯುವಾಗ ಅವರು ಮಾಡುತ್ತಲೇ ಇರುವ ಕೆಲಸ. ಶಾಲೆ ಅದನ್ನು ಮರೆಸಿ, ಅದಕ್ಕಿಂತ ಮೊಂಡಾದ ಸಾಧನವೊಂದನ್ನು ಕೈಗೆ ಕೊಡುತ್ತದೆ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ವಿಭಕ್ತಿಯ ಪರೀಕ್ಷೆಯೂ ಸೋರುತ್ತದಲ್ಲ? ‘ಅಲ್ಲಿ’ ನಾಮಪದವಲ್ಲ, ಆದರೂ ಅಲ್ಲಿಗೆ, ಅಲ್ಲಿಂದ ಎನ್ನುತ್ತೇವೆ. ‘ನಿನ್ನೆ’ಗೆ ‘ಇಂದ’ ಹತ್ತಿ ನಿನ್ನೆಯಿಂದ ಆಗುತ್ತದೆ. ‘ಓದುವುದು’ ಎಂಬುದಕ್ಕೆ ಓದುವುದನ್ನು, ಓದುವುದಕ್ಕೆ, ಓದುವುದರಿಂದ ಎಂದು ವಿಭಕ್ತಿಗಳ ಸಾಲೇ ಬರುತ್ತದೆ. ಆದರೂ ಅದು ಕ್ರಿಯಾಪದದಂತೆ ‘ಪುಸ್ತಕವನ್ನು’ ಎಂಬ ಕರ್ಮವನ್ನು ಜೊತೆಗಿಟ್ಟುಕೊಳ್ಳುತ್ತದೆ. ಆಕ್ಷೇಪ ನಿಜ. ಇದರಿಂದ ತಿಳಿಯುವುದು ಒಂದೇ ಪರೀಕ್ಷೆ ಸಾಲದು ಎಂದು, ಪರೀಕ್ಷೆಯೇ ಬೇಡ ಎಂದಲ್ಲ. ‘ಅಲ್ಲಿ’ಗೆ ‘ಗೆ’ ಹತ್ತಿದರೂ ‘ಅನ್ನು’ ಹತ್ತುವುದಿಲ್ಲ. ‘ದೊಡ್ಡ ಅಲ್ಲಿ’ ಎಂದು ವಿಶೇಷಣವನ್ನೂ ಅದು ಒಪ್ಪುವುದಿಲ್ಲ. ‘ಓಟ’ ಮತ್ತು ‘ಓಡುವುದು’ ಎರಡೂ ವಿಭಕ್ತಿ ಹೊಂದುತ್ತವೆ, ಆದರೆ ಒಳ್ಳೆಯ ಓಟ ಎನ್ನುವಲ್ಲಿ ವೇಗವಾಗಿ ಓಡುವುದು ಎನ್ನಬೇಕು. ಎಲ್ಲ ಪರೀಕ್ಷೆಗಳಲ್ಲೂ ಗೆಲ್ಲುವ ‘ಕಲ್ಲು’, ‘ಮರ’ಗಳು ನಾಮಪದದ ನಡುವಿನಲ್ಲಿರುತ್ತವೆ, ಕೆಲವುಗಳಲ್ಲಿ ಮಾತ್ರ ಗೆಲ್ಲುವ ‘ಓದುವುದು’, ‘ಅಲ್ಲಿ’ಗಳು ಅಂಚಿನಲ್ಲಿರುತ್ತವೆ. ಇಂಗ್ಲಿಷಿನಲ್ಲೂ ಹೀಗೆಯೇ. ‘ದಿ ಪೂರ್’ ಎಂಬಲ್ಲಿ ‘ಪೂರ್’ಗೆ ‘ದಿ’ ಸಿಕ್ಕಿತು, ಆದರೆ ‘ಪೂರ್ಸ್’ ಆಗಲಿಲ್ಲ. ‘ಟೊಬ್ಯಾಕೊ ಬೋರ್ಡ್’ ಎಂಬಲ್ಲಿ ‘ಟೊಬ್ಯಾಕೊ’ ಗುಣವಾಚಕದ ಜಾಗದಲ್ಲಿ ಕೂತಿದೆ. ಅದಕ್ಕೆ ‘ವೆರಿ’ ಸೇರಿಸಲು ಹೊರಟ ಕೂಡಲೇ ಅದು ಗುಣವಾಚಕವಲ್ಲ, ನಾಮಪದವೇ ಎಂಬುದು ಬಯಲಾಗುತ್ತದೆ.

ಪರೀಕ್ಷೆಗಳನ್ನು ಹೀಗೆ ಒಟ್ಟಿಗೆ ಬಳಸಿದರೆ ಕನ್ನಡದ ಶಾಲಾ ವ್ಯಾಕರಣದ ಒಂದು ಹಳೆಯ ಗೊಂದಲವೂ ತಿಳಿಯಾಗುತ್ತದೆ. ದೊಡ್ಡ, ಕೆಂಪು, ಒಳ್ಳೆಯ ಮುಂತಾದ ಗುಣವಾಚಕಗಳನ್ನು ಅಲ್ಲಿ ನಾಮಪದದ ಒಂದು ಬಗೆ ಎಂದು ಸೇರಿಸುತ್ತಾರೆ. ಸಂಸ್ಕೃತದಲ್ಲಿ ವಿಶೇಷಣವೂ ನಾಮಪದದಂತೆಯೇ ವಿಭಕ್ತಿ ತೊಡುವುದರಿಂದ ಅಲ್ಲಿ ಈ ವಿಂಗಡಣೆ ಸರಿ. ಕನ್ನಡದಲ್ಲಿ ‘ಕೆಂಪು’ ಪದಕ್ಕೆ ಕೆಂಪಿಗೆ, ಕೆಂಪನ್ನು ಎಂಬ ರೂಪಗಳಿವೆ, ಆದರೆ ‘ದೊಡ್ಡ’ ಎಂಬುದು ‘ದೊಡ್ಡದು’ ಅಥವಾ ‘ದೊಡ್ಡವನು’ ಆಗದೆ ವಿಭಕ್ತಿ ಪಡೆಯಲಾರದು. ಎರಡೂ ಒಂದೇ ಗುಂಪಿನವಲ್ಲ. ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಎಂದು ಪುಸ್ತಕದ ಹೆಸರಿನಲ್ಲೇ ಸಾರಿದ ಡಿ.ಎನ್. ಶಂಕರ ಭಟ್ಟರ ತಕರಾರು ಇಂಥದ್ದೇ: ಸಂಸ್ಕೃತದ ಅಳತೆಗೆ ಹೊಲಿದ ವರ್ಗಗಳನ್ನು ಕನ್ನಡಕ್ಕೆ ತೊಡಿಸಬಾರದು. ಬುಲೊಕರ್ ಲ್ಯಾಟಿನ್ನಿನ ಅಚ್ಚನ್ನು ಇಂಗ್ಲಿಷಿಗೆ ಒತ್ತಿದಾಗ ನಡೆದದ್ದೂ ಇದೇ ತಪ್ಪು.

ಗುರುತಿನ ಪ್ರಶ್ನೆಯಿಂದ ಬಗೆಗಳ ಪ್ರಶ್ನೆಗೆ ಬಂದರೆ ಅಲ್ಲೂ ಇದೇ ನ್ಯಾಯ ಅನ್ವಯಿಸಬೇಕು. ಒಂದು ಬಗೆ ನಿಜವಾದ ಬಗೆ ಎನಿಸಿಕೊಳ್ಳಲು ಅದರಿಂದ ಭಾಷೆಯ ನಡವಳಿಕೆಯಲ್ಲಿ ಏನಾದರೂ ವ್ಯತ್ಯಾಸವಾಗಬೇಕು. ಕೇಶಿರಾಜನಿಂದ ನಮ್ಮ ಪಠ್ಯಗಳವರೆಗೆ ಬಂದಿರುವ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಮೂರು ಬಗೆಗಳನ್ನು ಪರೀಕ್ಷಿಸೋಣ. ‘ಹುಡುಗ’ ರೂಢನಾಮ, ‘ಅರ್ಜುನ’ ಅಂಕಿತನಾಮ, ‘ಶಿಕ್ಷಕ’ ಅನ್ವರ್ಥನಾಮ. ಹುಡುಗನಿಗೆ, ಅರ್ಜುನನಿಗೆ, ಶಿಕ್ಷಕನಿಗೆ: ಮೂರಕ್ಕೂ ಒಂದೇ ಪ್ರತ್ಯಯ. ಆದರೆ ರೂಢನಾಮಗಳೇ ಆದ ‘ಹುಡುಗ’ ಮತ್ತು ‘ಮರ’ ಬೇರೆ ದಾರಿ ಹಿಡಿಯುತ್ತವೆ: ಹುಡುಗನಿಗೆ, ಮರಕ್ಕೆ. ಕನ್ನಡಕ್ಕೆ ಮುಖ್ಯವಾದ ಗೆರೆ ಮನುಷ್ಯ ಮತ್ತು ಮನುಷ್ಯೇತರದ ನಡುವೆ ಇದೆ. ಸಂಖ್ಯಾಪದಗಳೂ ಆ ಗೆರೆಯನ್ನೇ ಪಾಲಿಸುತ್ತವೆ: ಇಬ್ಬರು ರೈತರು, ಎರಡು ಬೇಲ್, ಮೂವರು ಹೆಂಗಸರು, ಮೂರು ಕುರಿ. ಈ ಗೆರೆಯೂ ಲೋಕದಲ್ಲಿ ಬಿದ್ದಿರುವುದಲ್ಲ, ವ್ಯಾಕರಣದ ಗೆರೆ. ಮಗು ಮನುಷ್ಯನೇ ಆದರೂ ಒಂದು ಮಗು ಬಂತು ಎನ್ನುತ್ತೇವೆ. ಸಂಖ್ಯೆ ಹೆಚ್ಚಿದರೆ ಇಬ್ಬರು ಮಕ್ಕಳು ಬಂದರು ಎನ್ನುತ್ತೇವೆ. ಒಂದೇ ಪದ ಏಕವಚನದಲ್ಲಿ ಗೆರೆಯ ಆಚೆಗೂ ಬಹುವಚನದಲ್ಲಿ ಈಚೆಗೂ ನಿಲ್ಲುತ್ತದೆ.

ಈ ಗೆರೆಯನ್ನು ದಾಟುವ ಅಪರೂಪದ ಉದಾಹರಣೆ ಇದೇ ಸೀಮೆಯಲ್ಲಿ ಪ್ರತಿವರ್ಷ ಸಿಗುತ್ತದೆ. ಮೈಸೂರು ದಸರಾದ ಗಜಪಯಣ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುತ್ತದೆ. 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತದ್ದು ಅರ್ಜುನ ಎಂಬ ಆನೆ, 2020ರಿಂದ ಆ ಹೊಣೆ ಅಭಿಮನ್ಯುವಿಗೆ ಬಂತು. ಒಂದೇ ಪ್ರಾಣಿಯ ಬಗ್ಗೆ ಎರಡು ವಾಕ್ಯ ಹೇಳಿ ನೋಡಿ. ಆನೆ ಅಂಬಾರಿ ಹೊತ್ತಿತು, ಅರ್ಜುನ ಅಂಬಾರಿ ಹೊತ್ತ. ಹೆಸರು ಬಂದ ಕೂಡಲೇ ಕ್ರಿಯಾಪದ ನಪುಂಸಕದಿಂದ ಪುಲ್ಲಿಂಗಕ್ಕೆ ಹೊರಳಿತು; ಹೆಣ್ಣಾನೆಯಾದರೆ ಲಕ್ಷ್ಮಿ ಹೆಜ್ಜೆ ಹಾಕಿದಳು. ಆನೆ ನೋಡಿದೆವು ಎಂದರೂ ಆನೆಯನ್ನು ನೋಡಿದೆವು ಎಂದರೂ ನಡೆಯುತ್ತದೆ, ಆದರೆ ‘ಅರ್ಜುನ ನೋಡಿದೆವು’ ಎನ್ನಲಾಗದು, ಅರ್ಜುನನನ್ನು ಎಂದೇ ಹೇಳಬೇಕು. ಹೆಸರಿನ ಮುಂದೆ ‘ಆನೆ’ ಸೇರಿಸಿದರೆ ಎಲ್ಲವೂ ಹಿಂದಕ್ಕೆ ಸರಿಯುತ್ತದೆ: ಅರ್ಜುನ ಆನೆ ಅಂಬಾರಿ ಹೊತ್ತಿತು. ಕೃಷ್ಣರಾಜನಿಗೆ ಎನ್ನುವ ಬಾಯಿ ಕೃಷ್ಣರಾಜನಗರಕ್ಕೆ ಎನ್ನುವುದೂ ಇದೇ ಕಾರಣಕ್ಕೆ. ಸಮಾಸದ ಕೊನೆಯ ಪದ ಯಾವ ಬಗೆಯೋ ಇಡೀ ಪದ ಆ ಬಗೆ. ಪ್ರಾಣಿ ಬದಲಾಗಲಿಲ್ಲ, ಅದರ ತೂಕವೂ ಸೊಂಡಿಲೂ ಹಾಗೆಯೇ ಇವೆ. ನಾಮಪದದ ಬಗೆ ಮಾತ್ರ ಬದಲಾಯಿತು. ಅಂಕಿತನಾಮ ಎಂಬ ಬಗೆಗೆ ಕನ್ನಡದಲ್ಲಿ ಬೆಲೆ ಇರುವುದು ಇಂಥ ಕಡೆ, ಹೆಸರಿಡುವುದು ಪದವನ್ನು ಗೆರೆಯಾಚೆಯಿಂದ ಈಚೆಗೆ ಕರೆತರುವ ಕಡೆ.

ಇಂಗ್ಲಿಷಿನ ಐದು ಬಗೆಗಳಿಗೂ ಇದೇ ಪ್ರಶ್ನೆ ಕೇಳಬೇಕು. ಪ್ರಾಪರ್ ನೌನನ್ನು ದೊಡ್ಡಕ್ಷರದಿಂದ ಗುರುತಿಸಿ ಎನ್ನುತ್ತಾರೆ. ಅದು ಬರವಣಿಗೆಯ ಕಟ್ಟಳೆ, ಅಷ್ಟೆ. ಜರ್ಮನ್ನರು ಎಲ್ಲ ನಾಮಪದಗಳನ್ನೂ ದೊಡ್ಡಕ್ಷರದಿಂದ ಬರೆಯುತ್ತಾರೆ, ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ನಿಜವಾದ ವ್ಯತ್ಯಾಸ ‘ದಿ’ಯಲ್ಲಿದೆ: ಹುಣಸೂರಿಗೆ ‘ದಿ’ ಬೇಡ, ಲಕ್ಷ್ಮಣತೀರ್ಥ ನದಿಗೆ ಬೇಕು. ಕಲೆಕ್ಟಿವ್ ನೌನಿನ ಪರಿಣಾಮ ಕಾಣುವುದು ‘ಟೀಮ್’, ‘ಕಮಿಟಿ’ಗಳ ನಂತರ ಕೆಲವರು ‘ಇಸ್’ ಎಂದೂ ಬ್ರಿಟನ್ನಿನಲ್ಲಿ ಹಲವರು ‘ಆರ್’ ಎಂದೂ ಹೇಳುವಲ್ಲಿ. ಅಬ್‌ಸ್ಟ್ರಾಕ್ಟ್ ಎಂಬ ಬಗೆಯಿಂದ ಒಂದು ವ್ಯತ್ಯಾಸವೂ ಆಗುವುದಿಲ್ಲ: ‘ಐಡಿಯಾ’ವನ್ನು ಎಣಿಸಬಹುದು, ‘ಇನ್‌ಫರ್ಮೇಷನ್’ ಅನ್ನು ಎಣಿಸಲಾಗದು, ಎರಡೂ ಕಣ್ಣಿಗೆ ಕಾಣವು. ಮೆಟೀರಿಯಲ್ ನೌನಿನ ಹಿಂದೆ ಅಡಗಿರುವುದು ಇಂಗ್ಲಿಷಿನ ನಿಜವಾದ ಮುಖ್ಯ ಗೆರೆ, ಎಣಿಕೆಗೆ ಸಿಗುವ ಮತ್ತು ಸಿಗದ ನಾಮಪದಗಳ ಗೆರೆ. ಅದೂ ಲೋಕದಿಂದ ನೇರವಾಗಿ ಬಂದದ್ದಲ್ಲ. ಗೋಧಿಯ ‘ವೀಟ್’ ಎಣಿಕೆಗೆ ಸಿಗದು, ಅಂಥದ್ದೇ ಧಾನ್ಯವಾದ ‘ಓಟ್ಸ್’ ಸಾಮಾನ್ಯವಾಗಿ ಬಹುವಚನ. ಒಂದೊಂದಾಗಿ ಎತ್ತಿಡಬಹುದಾದ ಮೇಜು ಕುರ್ಚಿಗಳು ಒಟ್ಟಾಗಿ ಎಣಿಕೆಯಿಲ್ಲದ ‘ಫರ್ನಿಚರ್’ ಆಗುತ್ತವೆ.

ಕನ್ನಡದ ಗೆರೆ ಒಂದು ಕಡೆ, ಇಂಗ್ಲಿಷಿನ ಗೆರೆ ಇನ್ನೊಂದು ಕಡೆ ಬಿದ್ದಿರುವುದರಿಂದ ನಮ್ಮ ವಿದ್ಯಾರ್ಥಿಗಳ ಎರಡು ತಪ್ಪುಗಳಿಗೆ ಕಾರಣ ಸಿಗುತ್ತದೆ. ‘ಟೆನ್ ಟ್ರೀ’ ಎಂದು ಬಹುವಚನ ಬಿಡುವುದು ಒಂದು, ‘ಫರ್ನಿಚರ್ಸ್’, ‘ಇನ್‌ಫರ್ಮೇಷನ್ಸ್’ ಎಂದು ಬಹುವಚನ ಹಚ್ಚುವುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾಗಿ ಕಾಣುವ ಇವೆರಡೂ ಒಂದೇ ವ್ಯಾಕರಣದಿಂದ ಹುಟ್ಟುತ್ತವೆ. ಮನುಷ್ಯೇತರ ನಾಮಪದದ ಮುಂದೆ ಸಂಖ್ಯೆ ಇದ್ದರೆ ಕನ್ನಡಕ್ಕೆ ‘ಗಳು’ ಬೇಕಿಲ್ಲ, ಹತ್ತು ಮರ ಸಾಕು. ಬೇಕೆನಿಸಿದರೆ ಮಾಹಿತಿಗಳು, ಪೀಠೋಪಕರಣಗಳು ಎನ್ನಲು ಅಡ್ಡಿಯೂ ಇಲ್ಲ. ಕನ್ನಡದಲ್ಲಿ ಎಣಿಕೆಯ ಭೇದ ಇಲ್ಲವೆಂದಲ್ಲ, ಎರಡು ಅಕ್ಕಿ ಎನ್ನದೆ ಎರಡು ಸೇರು ಅಕ್ಕಿ ಎನ್ನುತ್ತೇವೆ. ಆದರೆ ‘ಬಹಳ’ ಎಂಬ ಪದ ಅಕ್ಕಿಗೂ ಮರಕ್ಕೂ ಸಮನಾಗಿ ಸಲ್ಲುತ್ತದೆ. ಇಂಗ್ಲಿಷ್ ‘ಮಚ್’ ಮತ್ತು ‘ಮೆನಿ’ ಎಂದು ಎರಡು ಮಾಡುವಲ್ಲಿ ಕನ್ನಡ ಒಂದರಲ್ಲೇ ಮುಗಿಸುತ್ತದೆ. ತಪ್ಪು ಮಾಡಿದ ಮಗು ನಿಯಮವಿಲ್ಲದೆ ಬರೆಯಲಿಲ್ಲ, ತನಗೆ ಗೊತ್ತಿರುವ ನಿಯಮವನ್ನು ಅದು ಅನ್ವಯಿಸದ ಕಡೆ ಅನ್ವಯಿಸಿತು.

ಪ್ರತಿ ಭಾಷೆಗೂ ಅದರದೇ ಪರೀಕ್ಷೆ, ಅದರದೇ ಗೆರೆ ಎಂದಾದರೆ ಎರಡನ್ನೂ ನಾಮಪದ ಎಂಬ ಒಂದೇ ಹೆಸರಿನಿಂದ ಕರೆಯುವುದೇಕೆ ಎಂಬುದು ಕೊನೆಯ ಆಕ್ಷೇಪ. ಇಲ್ಲಿ ಹಳೆಯ ಸೂತ್ರಕ್ಕೆ ಅದರ ಪಾಲನ್ನು ಕೊಡಲೇಬೇಕು. ಪರೀಕ್ಷೆಗಳಿಂದ ಪಡೆದ ಪದಗಳ ಗುಂಪನ್ನು ತೆರೆದು ನೋಡಿದರೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಡುವೆ ಕೂತಿರುವುದು ಕಲ್ಲು, ಮರ, ತಾಯಿ, ಊರಿನಂಥ ಪದಗಳೇ. ಯಾವ ಗುಂಪನ್ನು ನಾಮಪದ ಎಂದು ಕರೆಯಬೇಕು ಎಂಬುದನ್ನು ಅರ್ಥ ಹೇಳುತ್ತದೆ. ಆ ಗುಂಪಿನಲ್ಲಿ ಯಾವ ಪದವಿದೆ, ಯಾವುದಿಲ್ಲ ಎಂಬುದನ್ನು ರೂಪ ಹೇಳುತ್ತದೆ. ಮೊದಲ ಕೆಲಸಕ್ಕೆ ಇರುವ ಸಾಧನವನ್ನು ಎರಡನೆಯದಕ್ಕೆ ಬಳಸಿದ್ದೇ ತೊಂದರೆ. ಹುಣಸೂರಿನ ತರಗತಿಯೊಂದರಲ್ಲಿ ಈ ಪಾಠವನ್ನು ಹೊಸದಾಗಿ ಶುರುಮಾಡುವುದಾದರೆ ವ್ಯಾಖ್ಯೆಯನ್ನು ಕೊನೆಗೆ ಇಡಬಹುದು. ಮೊದಲು ಹತ್ತು ಕನ್ನಡ ಪದ ಕೊಟ್ಟು ‘ಅನ್ನು’, ‘ಇಗೆ’, ‘ಇಂದ’ ಹಚ್ಚಿ ನೋಡಿ ಎನ್ನಬೇಕು, ಆಮೇಲೆ ಹತ್ತು ಇಂಗ್ಲಿಷ್ ಪದ ಕೊಟ್ಟು ‘ದಿ’, ‘ಮೆನಿ’, ‘ಮಚ್’ ಸೇರಿಸಿ ನೋಡಿ ಎನ್ನಬೇಕು. ಯಾವುದು ಒಪ್ಪಿತು, ಯಾವುದು ಒಪ್ಪಲಿಲ್ಲ, ಯಾವುದರ ಬಗ್ಗೆ ತರಗತಿಯಲ್ಲೇ ಜಗಳವಾಯಿತು ಎಂದು ಬರೆದಿಟ್ಟರೆ ಬಗೆಗಳು ತಾವಾಗಿ ಹೊರಬರುತ್ತವೆ. ಜಗಳವಾದ ಪದಗಳನ್ನು ಮೇಷ್ಟ್ರು ಉತ್ತರ ಹೇಳಿ ಮುಗಿಸಬಾರದು. ಇನ್ನೊಂದು ಪರೀಕ್ಷೆ ಹುಡುಕಲು ಮಕ್ಕಳಿಗೇ ಬಿಡಬೇಕು, ಏಕೆಂದರೆ ವಿಜ್ಞಾನದ ಬೇರೆ ಯಾವ ಪಾಠಕ್ಕೂ ಬೇಕಾದ ಸಾಮಗ್ರಿ ಇಷ್ಟು ಅಗ್ಗವಾಗಿ, ಪ್ರತಿ ಮಗುವಿನ ಬಳಿಯೂ ಇಷ್ಟು ಸಮನಾಗಿ ಸಿಗುವುದಿಲ್ಲ.